ಅರ್ಥಿಂಗ್ ಸರಿ ಇತ್ತು

ಶಹಾಡಿನ ಕಾರ್ಖಾನೆಯಲ್ಲಿ ನಮ್ಮ ಕಂಪನಿಯ ಪೆಟ್ಟಿಗೆಗಳು ಪದೇ ಪದೇ ನಿಂತುಹೋದದ್ದು ಜಗನ್ನಾಥಣ್ಣನ ವೈರಿಂಗಿನಿಂದ ಅಲ್ಲ. ನಾನು ಬರೆದ ಕೋಡಿನಿಂದ. ಅವರನ್ನು ಕೆಲಸದಿಂದ ತೆಗೆಯುವ ಮೊದಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂದರೆ ಅದೂ ಸುಳ್ಳೇ. ಕೇಳಿದಾಗ ಬಾಯಿ ತೆರೆದು ಇಲ್ಲ ಎಂದೆ.

ಇಷ್ಟನ್ನು ಬರೆಯುವುದರೊಳಗೆ ಎಷ್ಟು ಸಲ ಕುರ್ಚಿಯಿಂದ ಎದ್ದೆನೋ. ಕಿಟಕಿ ತೆರೆದೆ, ಮುಚ್ಚಿದೆ, ಬೇಡದಿದ್ದರೂ ಚಹಾ ಮಾಡಿದೆ. ಇನ್ನು ಏಳುವುದಿಲ್ಲ.

ಇದೆಲ್ಲ ಎಷ್ಟೋ ವರ್ಷಗಳ ಹಿಂದಿನದು. ಆಗ ನಾನು ಡೊಂಬಿವಲಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೆ. ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಬಟ್ಟೆಗೆ ಬಣ್ಣ ಹಾಕುವ ಯಂತ್ರದಲ್ಲಿ ನೀರು ಎಷ್ಟು ಬಿಸಿಯಿರಬೇಕು, ಎಷ್ಟು ಹೊತ್ತು ಇರಬೇಕು ಎಂದು ನೋಡಿಕೊಳ್ಳುವ ಪೆಟ್ಟಿಗೆಯನ್ನು ನಾವು ತಯಾರಿಸುತ್ತಿದ್ದೆವು. ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್. ಅದರ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಉಳಿದ ಪ್ರೋಗ್ರಾಮುಗಳಿಗೆಲ್ಲ ಮೆಮೊರಿ ಹಂಚಿ ಕೊಟ್ಟು ವಾಪಸು ಪಡೆಯುವ ಭಾಗ — ಅದನ್ನು ನಮ್ಮ ಪೆಟ್ಟಿಗೆಗೆ ಹೊಂದಿಸುವುದು ನನ್ನ ಪಾಲಿನ ಕೆಲಸ. ಇಡೀ ಕಂಪನಿಯಲ್ಲಿ ಕರ್ನಲ್ ಮುಟ್ಟುವವಳು ನಾನೊಬ್ಬಳೇ. ಆ ಜಂಬ ನನಗೆ ಬಹಳ ಇತ್ತು. ಅದನ್ನು ಇಲ್ಲಿ ಹೇಳಲೇಬೇಕು.

ಜಗನ್ನಾಥಣ್ಣ ಉಡುಪಿ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಆ ಪೆಟ್ಟಿಗೆಗಳನ್ನು ಕಾರ್ಖಾನೆಗಳಿಗೆ ಒಯ್ದು ಕೂರಿಸಿ, ವೈರಿಂಗ್ ಮಾಡಿ, ಕೆಟ್ಟರೆ ಸರಿಮಾಡುವ ಟೆಕ್ನಿಷಿಯನ್. ಟಿಟ್ವಾಳಾದಿಂದ ಬರುತ್ತಿದ್ದರು. ಬೆಳಿಗ್ಗೆ ಥಾಣೆಯಲ್ಲಿ ವಾಶಿ ಗಾಡಿಗೆ ಕಾಯುವಾಗ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಿದ್ದರು. ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು. ಆಫೀಸಿನಲ್ಲಿ ಮರಾಠಿ ಹಿಂದಿ ನಡುವೆ ಅವರೊಬ್ಬರೇ ನನಗೆ ಮನೆಯವರ ಹಾಗೆ.

ಕಲ್ಯಾಣದಾಚೆ ಶಹಾಡಿನ ಬಟ್ಟೆ ಕಾರ್ಖಾನೆಯಲ್ಲಿ ಪೆಟ್ಟಿಗೆಗಳು ನಿಲ್ಲಲು ಶುರುವಾದವು. ಎರಡು ದಿನ ಸರಿಯಾಗಿ ನಡೆಯುವುದು, ಮೂರನೆಯ ದಿನ ಕಲ್ಲಾಗುವುದು. ಪರದೆ ಹಾಗೇ, ಬಿಸಿ ಏರುತ್ತಲೇ ಇರುವುದು, ಒಂದು ಲಾಟ್ ಬಟ್ಟೆ ಹಾಳು. ಅರ್ಥಿಂಗ್, ಅಂದರೆ ಹೆಚ್ಚಿನ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಸರಿ ಹಾಕಿಲ್ಲ, ಅದರಿಂದ ಹೀಗಾಗುತ್ತಿದೆ ಎಂದರು ನಮ್ಮ ಮ್ಯಾನೇಜರರು. ಜಗನ್ನಾಥಣ್ಣ ಎರಡು ಸಲ ಅರ್ಥಿಂಗ್ ಬಿಚ್ಚಿ ಮತ್ತೆ ಹಾಕಿದರು. ಪೆಟ್ಟಿಗೆ ಮತ್ತೆ ನಿಂತಿತು.

ಆಮೇಲೆ ಅವರು ಮಾಡಿದ್ದನ್ನು ನಾನು ಮಾಡಬೇಕಿತ್ತು. ಮೂರು ದಿನ ಆ ಹಬೆಯಲ್ಲಿ ಸ್ಟೂಲ್ ಹಾಕಿಕೊಂಡು ಯಂತ್ರದ ಎದುರು ಕೂತರು. ನೆಲ ತೊಳೆಯುವವರು ಪ್ರತಿ ಪಾಳಿಯಲ್ಲೂ ಒಂದೆರಡು ಸಲ ಬಿಸಿ ಅಳೆಯುವ ಸೆನ್ಸರಿನ ಪ್ಲಗ್ ಕಿತ್ತು ಮತ್ತೆ ಚುಚ್ಚುವುದನ್ನು ಕಂಡರು. ಮರುದಿನ ಪ್ಲಾಟ್‌ಫಾರ್ಮಿನಲ್ಲಿ ನನಗೆ ಹೇಳಿದರು, ಪ್ಲಗ್ ಕೀಳುವುದು ಹತ್ತು ಹನ್ನೆರಡು ಸಲ ಆದ ಮೇಲೆಯೇ ಪೆಟ್ಟಿಗೆ ಸಾಯುವುದು, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ ಎಂದು. "ರೋಗ ಒಳಗೆ ಉಂಟು ಮಾರಾಯ್ತಿ. ನೀನೊಮ್ಮೆ ನೋಡು."

ನೋಡಿದೆ. ನನ್ನ ಮೇಜಿನ ಮೇಲಿನ ಪೆಟ್ಟಿಗೆಯ ಪ್ಲಗ್ ಕಿತ್ತು, ಚುಚ್ಚಿ, ಕಿತ್ತು, ಚುಚ್ಚಿ — ಹನ್ನೊಂದನೆಯ ಸಲಕ್ಕೆ ಅದು ಸತ್ತಿತು. ಮಧ್ಯಾಹ್ನದ ಊಟದ ಹೊತ್ತಿಗೆ ತಪ್ಪು ಸಿಕ್ಕಿತು. ಸೆನ್ಸರ್ ಕಳಚಿದಾಗ ನನ್ನ ಕೋಡು ತಾನು ತೆಗೆದುಕೊಂಡ ಮೆಮೊರಿಯನ್ನು ವಾಪಸು ಕೊಡುತ್ತಿತ್ತು. ಆಮೇಲೆ ಅದೇ ತುಂಡನ್ನು ಇನ್ನೊಮ್ಮೆ ವಾಪಸು ಕೊಡುತ್ತಿತ್ತು. ಅಷ್ಟರಲ್ಲಿ ಕರ್ನಲ್ ಆ ಜಾಗವನ್ನು ಬೇರೆ ಯಾರಿಗೋ ಕೊಟ್ಟಿದ್ದರೆ, ಈ ಎರಡನೆಯ ವಾಪಸಿನಿಂದ ಅದು ಮತ್ತೆ ಖಾಲಿ ಎಂದಾಗಿ, ಮೂರನೆಯವರ ಕೈಗೂ ಹೋಗುತ್ತಿತ್ತು. ಒಂದೇ ಖೋಲಿಯ ಕೀಲಿ ಇಬ್ಬರು ಬಾಡಿಗೆದಾರರಿಗೆ ಕೊಟ್ಟ ಹಾಗೆ. ಒಬ್ಬರ ಸಾಮಾನಿನ ಮೇಲೆ ಇನ್ನೊಬ್ಬರು ಸಾಮಾನು ಒಟ್ಟುತ್ತಾರೆ, ಒಂದು ದಿನ ಎಲ್ಲ ಕುಸಿಯುತ್ತದೆ. ಕಲಿಯುವವರು ಮೊದಲ ವರ್ಷದಲ್ಲಿ ಮಾಡುವ ತಪ್ಪು. ಕರ್ನಲ್ ಮುಟ್ಟುವ ಒಬ್ಬಳೇ ಒಬ್ಬಳು ಮಾಡಿದ್ದು.

ತಿದ್ದಲು ಒಂದೇ ಸಾಲು ಸಾಕಿತ್ತು. ಆ ಸಾಲನ್ನು ಪರದೆಗೆ ಸಂಬಂಧಿಸಿದ ಬೇರೆ ಬದಲಾವಣೆಗಳ ನಡುವೆ ಸೇರಿಸಿದೆ. ಏನು ಬದಲಾಯಿತು ಎಂದು ಬರೆಯುವ ಜಾಗದಲ್ಲಿ 'ಸಣ್ಣಪುಟ್ಟ ಕ್ಲೀನಪ್' ಎಂದು ಬರೆದೆ. ಯಾರಿಗೂ ಹೇಳಲಿಲ್ಲ. ಹೇಳಬೇಕು, ನಾಳೆ ಹೇಳೋಣ ಅಂದುಕೊಂಡೆ...

ನಾಳೆ ಮೀಟಿಂಗ್ ಇತ್ತು. ಕಾರ್ಖಾನೆಯ ಮಾಲೀಕರು ಬಂದು ಕೂತಿದ್ದರು. ಮ್ಯಾನೇಜರರು ನನ್ನ ಕಡೆ ತಿರುಗಿ, ಸಾಫ್ಟ್‌ವೇರಿನಲ್ಲಿ ಏನಾದರೂ ಇದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಜಗನ್ನಾಥಣ್ಣ ಮೇಜಿನ ಆಚೆ ಬದಿಯಲ್ಲಿದ್ದರು. ಅವರ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ನಾನು ಹೇಳುತ್ತೇನೆ ಎಂದು ಅವರು ಕಾಯುತ್ತಿದ್ದರು.

"ನಹೀಂ ಸರ್," ಎಂದೆ. "ಹಮಾರೀ ತರಫ್ ಸೆ ಕುಛ್ ನಹೀಂ." ನಮ್ಮ ಕಡೆಯಿಂದ ಏನೂ ಇಲ್ಲ ಎಂದು.

ಸಂಜೆ ಥಾಣೆಯಲ್ಲಿ ಗಾಡಿ ಇಳಿದಾಗ ಅವರು ಕೇಳಿದರು, ತಾವು ಹೇಳಿದ್ದನ್ನು ನೋಡಿದೆಯಾ ಎಂದು. ಅನುಮಾನದಿಂದ ಕೇಳಿದ್ದಲ್ಲ. "ಅಯಿಟ್ ದಾಲ ಇಜ್ಜಿ ಅಣ್ಣಾ," ಎಂದೆ — ಅದರಲ್ಲಿ ಏನೂ ಇಲ್ಲ ಅಣ್ಣಾ. ಮೀಟಿಂಗಿನ ಸುಳ್ಳನ್ನು ಹಿಂದಿಯಲ್ಲಿ ಹೇಳಿದ್ದೆ. ಇದನ್ನು ಮನೆಮಾತಿನಲ್ಲೇ ಹೇಳಿದೆ. ಅವರು ತಲೆಯಾಡಿಸಿ ಟಿಟ್ವಾಳಾ ಗಾಡಿಯ ಕಡೆ ನಡೆದರು.

ಆ ತಿಂಗಳೇ ಅವರನ್ನು ತೆಗೆದರು. ಹೊಸ ಟೆಕ್ನಿಷಿಯನ್ ಶಹಾಡಿಗೆ ಹೋಗಿ ಹೊಸದಾಗಿ ಅರ್ಥಿಂಗ್ ಹಾಕಿದ. ಅದೇ ಭೇಟಿಯಲ್ಲಿ ನನ್ನ ಹೊಸ ಸಾಫ್ಟ್‌ವೇರನ್ನೂ ಪೆಟ್ಟಿಗೆಗಳಿಗೆ ತುಂಬಿದ. ಆಮೇಲೆ ಒಂದೂ ಪೆಟ್ಟಿಗೆ ನಿಲ್ಲಲಿಲ್ಲ. ನೋಡಿದಿರಾ, ಅರ್ಥಿಂಗೇ ಆಗಿತ್ತು ಎಂದರು ಎಲ್ಲರೂ. ನನ್ನ ತಪ್ಪನ್ನು ಸರಿಮಾಡಿದ ಆ ಒಂದು ಸಾಲೇ ಜಗನ್ನಾಥಣ್ಣನ ವಿರುದ್ಧ ಸಾಕ್ಷಿಯಾಯಿತು. ಇದು ನನಗೆ ಆವತ್ತೇ ಅರ್ಥವಾಗಿತ್ತು. ಆವತ್ತು ಎದ್ದು ನಿಂತಿದ್ದರೂ — ಆದರೆ ನಿಲ್ಲಲಿಲ್ಲ.

ಸುದ್ದಿ ಬೇರೆ ಕಂಪನಿಗಳಿಗೂ ಹೋಯಿತು. ಅವರಿಗೆ ಮತ್ತೆ ಯಾರೂ ಆ ಕೆಲಸ ಕೊಡಲಿಲ್ಲ. ಕಲ್ಯಾಣದಲ್ಲಿ ಭಾವನ ಹೋಟೆಲಿನಲ್ಲಿ ಗ್ರೈಂಡರು, ಫ್ರಿಜ್ಜು, ಪಂಪು ನೋಡಿಕೊಂಡಿದ್ದಾರೆ ಎಂದು ಯಾರೋ ಹೇಳಿದರು. ನಾನು ಕಂಪನಿ ಬದಲಾಯಿಸಿದೆ, ಸಾನಪಾಡಾದಲ್ಲಿ ಮನೆ ಮಾಡಿದೆ, ಕರ್ನಲ್ಲಿನ ಮೆಮೊರಿ ತಪ್ಪು ಹುಡುಕುವುದರಲ್ಲಿ ಹೆಸರು ಬಂತು. ಕೈಕೆಳಗಿನವರು 'ಕ್ಲೀನಪ್' ಎಂದು ಬರೆದರೆ ನಾನು ವಾಪಸು ಕಳಿಸುತ್ತೇನೆ, ಏನು ತಿದ್ದಿದೆ, ಯಾಕೆ ತಿದ್ದಿದೆ ಪೂರಾ ಬರೆ ಎಂದು. ಮೇಡಂ ಬಹಳ ಕಟ್ಟುನಿಟ್ಟು ಎನ್ನುತ್ತಾರೆ. ಅದನ್ನು ಕೇಳಿದಾಗೆಲ್ಲ ಕೂತಲ್ಲಿ ಕೂರಲಾಗುವುದಿಲ್ಲ.

ಕಳೆದ ತಿಂಗಳು ಡೊಂಬಿವಲಿಯ ಒಂದು ಮದುವೆ ಊಟದಲ್ಲಿ ಜಗನ್ನಾಥಣ್ಣ ನನ್ನ ಪಕ್ಕದಲ್ಲೇ ಬಂದು ಕೂತರು. ಕೂದಲೆಲ್ಲ ಬೆಳ್ಳಗಾಗಿತ್ತು. ಇವಳು ದೊಡ್ಡ ಇಂಜಿನಿಯರ್ ಎಂದು ಮಗಳಿಗೆ ನನ್ನನ್ನು ತೋರಿಸಿದರು. ಹಳೆಯ ಮಾತು ಅವರೇ ತೆಗೆದರು. "ಎಲ್ಲೋ ನನ್ನ ಕೈಯಿಂದಲೇ ತಪ್ಪಾಗಿರ್ಬೇಕು. ಹೊಸಬ ಅರ್ಥಿಂಗ್ ಹಾಕಿದ ಮೇಲೆ ಪೆಟ್ಟಿಗೆ ನಿಲ್ಲಲೇ ಇಲ್ವಲ್ಲ. ನಿನ್ನನ್ನು ಸುಮ್ಮನೆ ತೊಂದರೆಪಡಿಸಿದೆ ಆಗ."

ನಾನು ಅನ್ನ ಕಲಸುತ್ತ ಕೂತೆ. ಕೆಲಸ ಹೋದದ್ದು ಗೊತ್ತಿತ್ತು. ಮೂರು ದಿನ ಹಬೆಯಲ್ಲಿ ಕೂತು ಕಣ್ಣಾರೆ ಕಂಡದ್ದನ್ನೇ ಅವರು ನಂಬುವುದು ಬಿಟ್ಟಿದ್ದಾರೆ ಎಂಬುದು ಗೊತ್ತಿರಲಿಲ್ಲ. ಆಗಲೂ ಹೇಳಲಿಲ್ಲ. ಕೈ ತೊಳೆದು ಹೊರಟುಬಂದೆ.

ಹೋದ ಭಾನುವಾರ ಟಿಟ್ವಾಳಾಕ್ಕೆ ಹೋದೆ. ಬಾಗಿಲು ತೆರೆದ ಮಗಳು ಪಪ್ಪಾ ಒಳಗಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದಳು. ಕೂತ ಕೂಡಲೇ ಎಲ್ಲ ಹೇಳಿಬಿಟ್ಟೆ, ಪ್ಲಗ್ಗು, ಹನ್ನೊಂದನೆಯ ಸಲ, ಆ ಸಾಲು. ಮುಗಿದ ಮೇಲೆ ಅವರು ತಮ್ಮ ಅಂಗೈ ನೋಡುತ್ತ, "ಹಾಗಾದ್ರೆ ಅರ್ಥಿಂಗ್ ಸರಿ ಇತ್ತಾ?" ಎಂದು ಕೇಳಿದರು.

"ಸರಿ ಇತ್ತು."

"ನಿನಗೆ ಯಾವಾಗ ಗೊತ್ತಾದ್ದು?"

"ಮೀಟಿಂಗಿನ ಹಿಂದಿನ ದಿನ."

ಅವರ ಹೆಂಡತಿ ರೇವತಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ನನ್ನನ್ನು ನೋಡಲಿಲ್ಲ. ಗಂಡನಿಗೆ ಹೇಳಿದರು, "ನಿಮ್ಮ ಕೈಯ ತಪ್ಪಲ್ಲ ಅಂತ ನಾನು ಆವತ್ತೇ ಹೇಳಿದ್ದೆ. ನೀವೇ ನಂಬ್ಲಿಲ್ಲ."

ಕ್ಷಮೆ ಕೇಳಲು ಹೊರಟವಳು ಕೇಳಲಿಲ್ಲ. ಕೇಳಿದರೆ ಅವರು ಕೊಟ್ಟುಬಿಟ್ಟಾರು, ಅವರ ಸ್ವಭಾವ ಅಂಥದ್ದು. ಅದನ್ನೂ ತೆಗೆದುಕೊಂಡು ಬರುವುದು ಬೇಡ ಅನ್ನಿಸಿತು. ಎದ್ದಾಗ ಅವರೇ ಬಾಗಿಲತನಕ ಬಂದರು. ಬರೆದು ಕೊಡು ಎಂದರು. ಕಂಪನಿಯ ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲಿ, ರೇವತಿ ಓದಬೇಕು, ಊರಲ್ಲಿ ಅಣ್ಣಂದಿರು ಓದಬೇಕು. ಹೆಸರು ಹಾಕಬೇಕು. ತರುತ್ತೇನೆ ಅಣ್ಣಾ ಎಂದೆ.

"ನೀನು ಬರುವುದು ಬೇಡ. ಪೋಸ್ಟಿಗೆ ಹಾಕು."

ಬರೆದಿದ್ದೇನೆ. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಆಗಿನ ಮ್ಯಾನೇಜರರಿಗೆ, ಅವರಿಗೆ ಮರಾಠಿಯಲ್ಲಿ. ನಾಳೆ ಆಫೀಸಿಗೆ ಹೋಗುವ ಮೊದಲು ಎರಡನ್ನೂ ರಿಜಿಸ್ಟರ್ ಮಾಡಿಸುತ್ತೇನೆ. ಲಕೋಟೆಯ ಹಿಂದೆ ಕಳಿಸಿದವರ ಹೆಸರು ಬರೆದಾಗಿದೆ: ಸುಜಾತಾ, ಸಾನಪಾಡಾ.