ಬೇರು ಕತ್ತರಿಸಿದ ಇಳಿಜಾರು

ಉದ್ಯಾನಕ್ಕೆ ಬರುವ ಸೈಕಲ್ ಸವಾರರೆಲ್ಲ ಅವನನ್ನು ಜಾಡಣ್ಣ ಎನ್ನುತ್ತಿದ್ದರು. ಅಲ್ಲಿನ ಗುಡ್ಡದ ಕಾಡಿನೊಳಗೆ ಮೌಂಟನ್ ಬೈಕ್ ಓಡಿಸುವ ಜಾಡುಗಳನ್ನು ಕಡಿದು, ಕಾಪಾಡಿಕೊಂಡು ಬರುವುದು ಅವನ ಕೆಲಸ. ಅಲ್ಲಿ ಚಳಿಗಾಲ ಹೆಸರಿಗಷ್ಟೇ. ಮಳೆಯೆಲ್ಲ ಸೆಕೆಯ ತಿಂಗಳುಗಳಲ್ಲೇ. ಒಂದು ವಾರ ಕಣ್ಣು ತಪ್ಪಿದರೆ ಬಳ್ಳಿ ದಾರಿ ನುಂಗಿರುತ್ತಿತ್ತು. ನೀರನ್ನು ಎದುರು ಹಾಕಿಕೊಂಡು ಗೆದ್ದವರಿಲ್ಲ ಎನ್ನುವುದು ಅವನ ಸಿದ್ಧಾಂತ. ಜಾಡನ್ನು ಕಣಿವೆಯ ಕಡೆಗೆ ಒಂದಿಷ್ಟು ವಾಲಿಸಿದರೆ ನೀರು ತಾನಾಗಿ ಇಳಿದು ಹೋಗುತ್ತದೆ. ವಾಲಿಸದಿದ್ದರೆ ಜಾಡೇ ಕಾಲುವೆಯಾಗುತ್ತದೆ.

ಹೆಂಡತಿ ಟೈಲರ್. ವಾರವೆಲ್ಲ ಮುಂಗೋಣೆಯಲ್ಲಿ ಮಷಿನ್ ಮುಂದೆ ಕತ್ತು ಬಗ್ಗಿಸಿ ಕೂತವಳು, ಭಾನುವಾರ ಹೆಲ್ಮೆಟ್ ಹಾಕಿದರೆ ಬೇರೆಯೇ ಹೆಂಗಸು. ಮದುವೆಯಾದ ಹೊಸದರಲ್ಲಿ ಸೈಕಲ್ ಕಲಿಸಿದವನು ಅವನೇ. ಗುರುವಿಗೇ ತಿರುಮಂತ್ರ ಹಾಕಲು ಅವಳಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ದೊಡ್ಡ ಅತ್ತಿಮರದ ಪಕ್ಕದ ಇಳಿಜಾರಿನಲ್ಲಿ ಅವನು ಸೈಕಲ್ ತಳ್ಳಿಕೊಂಡು ಬರುವಷ್ಟರಲ್ಲಿ ಅವಳು ಕೆಳಗೆ ಕಾಲು ಚಾಚಿ ಕೂತಿರುತ್ತಿದ್ದಳು.

ಈಚೆಗೆ ಅವಳ ಮೊಣಕಾಲಿನ ತುಂಬ ನೀಲಿ ಗುರುತು.

"ಸೂಜಿಗೆ ಒಂದೇ ಸಲಕ್ಕೆ ನೂಲು ಪೋಣಿಸ್ತೀಯ, ಪಕ್ಕದಲ್ಲಿರೋ ಸ್ಟೂಲ್ ಕಾಣಲ್ವಾ?" ಎಂದು ಅವನು ನಗಾಡಿದ್ದ.

"ಸ್ಟೂಲ್ ಇಟ್ಟೋರಿಗೆ ಬುದ್ಧಿ ಇರ್ಬೇಕು ಕಣ್ರೀ."

ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿದ ಮೇಲೆ ಆ ನಗು ಅವನಿಗೇ ಚುಚ್ಚತೊಡಗಿತು. ಅವಳ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿತ್ತು. ನೇರಕ್ಕಿರುವ ಸೂಜಿಯ ಕಣ್ಣು ಸ್ಪಷ್ಟ. ಪಕ್ಕದ್ದು, ಕಾಲ ಬುಡದ್ದು ಕಾಣುವುದೇ ಇಲ್ಲ. ಇದಕ್ಕೆ ಔಷಧಿಯಿಲ್ಲ, ಸೈಕಲ್ ಬಿಡುವುದು ಒಳ್ಳೆಯದು ಎಂದರು ಡಾಕ್ಟರ್.

"ರೋಡಲ್ಲಿ ಬಿಡ್ತೀನಿ," ಎಂದಳು ಅವಳು ಮನೆಗೆ ಬಂದು. "ಅಲ್ಲಿ ಗಾಡಿಗಳು ಎಲ್ಲೆಲ್ಲಿಂದಲೋ ನುಗ್ತಾವೆ. ಅತ್ತಿಮರದ ಜಾಡಲ್ಲಿ ಎಲ್ಲರೂ ಹೋಗೋದು ಒಂದೇ ಕಡೆಗೆ. ಅಲ್ಲಿ ನಂಗೇನೂ ಆಗಲ್ಲ. ಅದನ್ನೂ ಬಿಡು ಅನ್ಬೇಡಿ."

ಬಿಡು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬಿಡಬೇಡ ಎನ್ನಲು ಧೈರ್ಯ ಬರಲಿಲ್ಲ. ಮಾತು ಸೋತ ಕಡೆ ಅವನು ಕೈ ಹಚ್ಚುವವನು. ಮರುದಿನವೇ ಗರಗಸ, ಗುದ್ದಲಿ ಹಿಡಿದು ಆ ಇಳಿಜಾರಿಗೆ ಹೋದ. ಜಾಡಿಗೆ ಅಡ್ಡವಾಗಿ ಎದ್ದಿದ್ದ ಬೇರುಗಳನ್ನು ಒಂದೊಂದಾಗಿ ಕತ್ತರಿಸಿದ, ಕಲ್ಲು ಆರಿಸಿದ, ಗುಂಡಿಗೆ ಮಣ್ಣು ತುಂಬಿ ದಮ್ಮಸು ಹೊಡೆದ. ಚಕ್ರ ತಡವರಿಸುವಂಥದ್ದೇ ಇಲ್ಲದಿದ್ದರೆ ಅವಳು ಬೀಳುವುದು ಹೇಗೆ? ಹೆಂಡತಿಗೆ ಹೇಳಲಿಲ್ಲ. ಹೇಳಿದರೆ, ನನ್ನನ್ನೇನು ಮಗು ಅಂದುಕೊಂಡ್ರಾ ಎಂದು ಮುಖ ಊದಿಸುತ್ತಾಳೆ.

ಶನಿವಾರ ಸೈಕಲ್ ಹೊಡೆಯಲು ಬಂದ ಡ್ರಿಲ್ ಮೇಷ್ಟ್ರು ಕೆಳಗಿಳಿದು ಬಂದವರೇ, "ಏನ್ ಜಾಡಣ್ಣ, ಮನೆಯವರ ಇಸ್ತ್ರಿ ಪೆಟ್ಟಿಗೆ ತಂದು ಎಳೆದ್ಯಾ ಹೇಗೆ? ಗಾಳಿ ಥರ ಜಾರ್ತಾ ಇದೆಯಲ್ಲಪ್ಪ!" ಎಂದರು.

ಅವನೂ ನಕ್ಕ. ಗಾಳಿ ಥರ ಎನ್ನುವ ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ.

ಭಾನುವಾರ ಅವನು ಇಳಿಜಾರಿನ ಬುಡದಲ್ಲಿ, ಎಡ ತಿರುವಿನ ಆಚೆ ನಿಂತಿದ್ದ. ಮೇಲಿನಿಂದ ಅವಳು ಬರುವುದು ಎಲೆಗಳ ನಡುವೆ ಕಂಡಿತು. ವೇಗ ಹೆಚ್ಚಾಯಿತು ಎನಿಸಿತು. "ಬ್ರೇಕು!" ಎಂದು ಕೂಗಿದ. ಸೈಕಲ್ ತಿರುಗಲೇ ಇಲ್ಲ. ನೆಟ್ಟಗೆ ಬಂದು ಜರೀಗಿಡಗಳ ಪೊದೆ ಹೊಕ್ಕು ದಿಬ್ಬಕ್ಕೆ ಬಡಿಯಿತು. ಅವನು ಓಡಿ ತಲುಪುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ಮುರಿದದ್ದು ಕೊರಳ ಬಳಿಯ ಮೂಳೆ. ಆಸ್ಪತ್ರೆಯ ಮಂಚದಲ್ಲಿ ತೋಳಿಗೆ ಜೋಳಿಗೆ ಕಟ್ಟಿಸಿಕೊಂಡು ಕೂತವಳು ನೋವಿನ ಮಾತೇ ಎತ್ತಲಿಲ್ಲ.

"ಬೇರುಗಳು ಎಲ್ಲಿ ಹೋದ್ವು?"

ಅವನು ನೆಲ ನೋಡಿದ.

"ಕೇಳಿದ್ದು ನಿಮ್ಮನ್ನೇ ರೀ."

"ನಾನೇ ತೆಗೆದೆ. ನಿನಗೆ ತೊಡಕಾಗಬಾರದು ಅಂತ."

"ಎರಡು ವರ್ಷದಿಂದ ಆ ತಿರುವು ನನಗೆ ಕಾಣ್ತಾನೇ ಇಲ್ಲ. ಚಕ್ರ ಬೇರು ಹತ್ತಿದಾಗ ಹ್ಯಾಂಡಲ್‌ಗೆ ದಡದಡ ಬಡಿಯೋದು. ಬಡಿತ ನಿಂತ ತಕ್ಷಣ ಬ್ರೇಕ್ ಹಿಡಿದು ಎಡಕ್ಕೆ ವಾಲ್ತಿದ್ದೆ. ಈ ಸಲ ಬಡೀಲೇ ಇಲ್ಲ. ತಿರುವು ಇನ್ನೂ ದೂರ ಇದೆ ಅಂದ್ಕೊಂಡೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಅವತ್ತೇ ಸೈಕಲ್‌ಗೆ ಬೀಗ ಹಾಕ್ತಿದ್ರಿ. ನೀವು ಹೇಳಿದ್ರಾ?"

ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದರು, ಬಾಯಿ ಮುಚ್ಚಿಕೊಂಡು.

ಮೂಳೆ ಕೂಡುವ ತನಕ ಅವನು ಸುಮ್ಮನೆ ಕೂರಲಿಲ್ಲ. ಬೇರುಗಳಿದ್ದ ಜಾಗಗಳಲ್ಲಿ ಮರದ ತುಂಡುಗಳನ್ನು ಅಡ್ಡ ಹೂತ. ಮೊದಲ ಮಳೆಗೇ ಅವುಗಳ ಹಿಂದೆ ನೀರು ನಿಂತು ಕೆಸರಾಯಿತು. ಬೇರಿನ ಎರಡು ತುದಿಯನ್ನೂ ನೆಲ ಹಿಡಿದಿರುತ್ತದೆ; ತುಂಡನ್ನು ಯಾರು ಹಿಡಿಯಬೇಕು? ಒಂದೊಂದೇ ಅಲುಗಾಡಿ ಎದ್ದು ಬಂದವು. ಬೇರೆ ಸವಾರರು ಬಿದ್ದಾರೆಂದು ಅವನೇ ಕಿತ್ತು ಪಕ್ಕಕ್ಕೆ ಹಾಕಿದ. ದಾರಿ ಮಾಡುವುದನ್ನೇ ಬದುಕು ಮಾಡಿಕೊಂಡವನಿಗೆ ಈ ಒಂದು ದಾರಿಯನ್ನು ಮೊದಲಿನಂತೆ ಮಾಡಲಾಗಲಿಲ್ಲ.

ತೋಳಿನ ಜೋಳಿಗೆ ಬಿಚ್ಚಿದ ಮೇಲೆ ಅವಳು, "ಒಂದ್ಸಲ ನಡೆದು ನೋಡೋಣ ಬನ್ನಿ," ಎಂದಳು. ಸೈಕಲ್ಲಿನ ಮಾತೆತ್ತಲಿಲ್ಲ. ಇಳಿಜಾರಿನ ನೆತ್ತಿಯಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮಣ್ಣು ತಡಕುತ್ತ ಇಳಿದಳು. ಅವನು ತೋಳು ಹಿಡಿಯಲು ಹೋದರೆ ಕೊಡವಿದಳು. ಪಾದ ಅತ್ತಿತ್ತ ಆಡಿಸುತ್ತ, ಬೇರುಗಳ ಗುರುತು ಹುಡುಕುತ್ತ, ಕೊನೆಗೆ ನಿಂತೇಬಿಟ್ಟಳು.

"ಈಗ ಎಲ್ಲಿದ್ದೀವಿ?"

"ಅತ್ತಿಮರ ದಾಟಿದ್ವಿ. ತಿರುವು ಇಲ್ಲೇ, ಎದುರಿಗೇ ಇದೆ."

"ಓ," ಎಂದಳು. ಒಂದು ಹೆಜ್ಜೆ ಮುಂದಿಡಲು ಹೋಗಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ತಾನಾಗಿಯೇ ಕೈ ಚಾಚಿದಳು. ಅವನು ಹಿಡಿದುಕೊಂಡ.