ಮೂವತ್ತೆರಡನೇ ನಂಬರಿನ ಎಣ್ಣೆ

ಕೊತ್ತತ್ತಿಯ ಯತೀಶನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರು ಒಂದು ದಿನ ಅವನ ಕೆಲಸ ಮಾಡಿ ನೋಡಬೇಕು. ಮಂಡ್ಯದ ಸರ್ವಿಸ್ ಸ್ಟೇಷನ್ನಿನಲ್ಲಿ ಹನ್ನೆರಡು ವರ್ಷ ಕಾರುಗಳ ಅಡಿಯಲ್ಲಿ ಮೈ ಸವೆಸಿದವನು ಕೊನೆಗೂ ಮನೆ ಪಕ್ಕದ ಶೆಡ್ಡಿನಲ್ಲಿ ಕಾರು ಎತ್ತುವ ಲಿಫ್ಟೊಂದನ್ನು ನಿಲ್ಲಿಸಿಕೊಂಡ. ಎರಡು ಕಂಬ, ನಡುವೆ ಕಾರು, ಕಾರಿನ ಕೆಳಗೆ ಅವನ ತಲೆ. ಆ ತಲೆ ಕಾಯುವುದು ಲಿಫ್ಟಿನ ಟ್ಯಾಂಕಿನಲ್ಲಿದ್ದು ಕಾರನ್ನು ಎತ್ತಿಹಿಡಿಯುವ ಎಣ್ಣೆ.

ಮೂವತ್ತೆರಡನೇ ನಂಬರಿನ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕೆಂದು ಲಿಫ್ಟಿನ ತಗಡಿನ ಮೇಲೆ ಬರೆದಿತ್ತು. ಮದ್ದೂರಿನ ಅಂಗಡಿಯವನೊಬ್ಬ ಇಂಜಿನ್ ಆಯಿಲ್ ಡಬ್ಬಿ ಮುಂದಿಟ್ಟು, "ಎಲ್ಲಾ ಒಂದೇ ಸಾ, ತಗೊಂಡೋಗಿ" ಎಂದ. ಎಲ್ಲಾ ಒಂದೇ ಅಂತೆ! ಇವನ ಮನೆಯಲ್ಲಿ ಹರಳೆಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾರೇನು? ಯತೀಶ ಮಂಡ್ಯದಲ್ಲಿ ಮೂರು ಅಂಗಡಿ ಸುತ್ತಿ ಸರಿಯಾದದ್ದನ್ನೇ ತಂದು ತುಂಬಿಸಿದ.

ಮೊನ್ನೆ ಅವನು ಮಳವಳ್ಳಿಗೆ ಹೋಗಿದ್ದಾಗ ಅವನ ದೊಡ್ಡಪ್ಪ ಮಾದಯ್ಯ ಉಪಕಾರ ಮಾಡಲು ಹೊರಟರು. ಟ್ಯಾಂಕಿನಲ್ಲಿ ಎಣ್ಣೆ ಒಂದಿಷ್ಟು ಇಳಿದದ್ದು ಕಂಡು, ಕೆಸರುಗದ್ದೆ ಉತ್ತ ಟ್ರಾಕ್ಟರಿನಿಂದ ಬಸಿದಿಟ್ಟಿದ್ದ ಹಳೆ ಎಣ್ಣೆಯನ್ನು ಅದಕ್ಕೆ ಸುರಿದರು. ನಾಲೆ ನೀರು ಸೇರಿ ಮಜ್ಜಿಗೆಯಂತೆ ಬೆಳ್ಳಗಾಗಿದ್ದ ಎಣ್ಣೆ ಅದು.

ಮಾರನೆಯ ದಿನ ಕಾರೊಂದನ್ನು ಆಳೆತ್ತರಕ್ಕೆ ಏರಿಸುವಷ್ಟರಲ್ಲಿ ಲಿಫ್ಟು ನಡುಗತೊಡಗಿತು. ಯತೀಶ ಅಲ್ಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಮೈಯೆಲ್ಲ ಉರಿದುಹೋಯಿತು.

"ಇದ್ಯಾರು ಸುರ್ದೋರು?"

"ನಾನೇ ಕಣ್ಲಾ. ಟ್ರಾಕ್ಟ್ರು ನೇಗ್ಲು ಎತ್ತಾಕಿಲ್ವಾ? ಇದೂ ಎತ್ತೋದೇ ತಾನೆ. ಸುಮ್ಕೆ ಚೆಲ್ಲೋದ್ಯಾಕೆ ಅಂತ ಹುಯ್ದೆ."

"ದೊಡ್ಡಪ್ಪ, ನೇಗ್ಲು ಬಿದ್ರೆ ಮಣ್ಣಿಗೆ ಬೀಳ್ತದೆ. ಇದು ಬಿದ್ರೆ ನನ್ ತಲೆ ಮ್ಯಾಲೆ."

"ಬುಡ್ಲಾ, ಏನೂ ಆಗಾಕಿಲ್ಲ. ನಾನೇ ನಿಂತ್ಕತೀನಿ, ನೋಡು."

ಹೇಳಿದವರೇ ಮಾದಯ್ಯ ಕಾರಿನ ಕೆಳಗೆ ಹೋಗಿ ನಿಂತುಬಿಟ್ಟರು. ಕಾರು ಜಾರದಂತೆ ತಡೆಯುವ ಲಿಫ್ಟಿನ ಕೊಕ್ಕೆ ಇನ್ನೂ ಬಿದ್ದಿರಲಿಲ್ಲ. ಕಾರು ಸುಯ್ಯೆಂದು ಒಂದು ಗೇಣು ಜಾರಿತು. ಯತೀಶ ನುಗ್ಗಿ ದೊಡ್ಡಪ್ಪನ ಅಂಗಿ ಹಿಡಿದು ಆಚೆಗೆ ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಅವರ ಕಣ್ಣೆದುರಿಗೇ ಕಾರು ಸೊಂಟದ ಮಟ್ಟಕ್ಕೆ ಇಳಿದು ನಿಂತಿತು.

ಮಾದಯ್ಯ ಪಂಚೆ ಕೊಡವಿಕೊಂಡು ಎದ್ದರು. ಬೀದಿಯಲ್ಲಿ ನಿಂತು ನೋಡುತ್ತಿದ್ದವರ ಕಡೆ ತಿರುಗಿ ಮುಖ ಸಿಂಡರಿಸಿ, "ಅದ್ಕೆ ಇಂಗೆ ಎಳ್ದಾಡೋದೇನ್ಲಾ? ನಾಕ್ ಜನ ನೋಡ್ತಾವ್ರೆ" ಎಂದರು.

ಯತೀಶ ನೆಲದಿಂದ ಎದ್ದ. "ನೋಡ್ಲಿ. ಎಳೀದೆ ಇದ್ದಿದ್ರೆ ಆ ನಾಕ್ ಜನಾನೇ ನಿಂಗೆ ಎಗಲು ಕೊಡ್ಬೇಕಾಗಿತ್ತು."