ಕಾರಣ ಹೇಳುವ ಬಾಲು ಅಂಕಲ್
ಅಡಿಲೇಡ್ ಕನ್ನಡಿಗರ ಯಾವ ಬಾರ್ಬೆಕ್ಯೂಗೆ ಹೋದರೂ ಬಾಲಸುಬ್ರಹ್ಮಣ್ಯ ಅಂಕಲ್ ಸಿಗುತ್ತಾರೆ. ಸಿಕ್ಕರೆಂದರೆ ಅರಬ್ ದೇಶಗಳ ನಿರುದ್ಯೋಗದಿಂದ ನಿಮಗೆ ಬಿಡುಗಡೆಯಿಲ್ಲ. ಇಲ್ಲಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಲು ಬರುವ ಮೊದಲು ಅವರು ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಬಹುಕಾಲ ಮೇಷ್ಟ್ರಾಗಿದ್ದವರು. ನೀವು ಪನೀರ್ ಮಗುಚಿ ಹಾಕುತ್ತಿದ್ದರೆ, ಕೈಯಿಂದ ಇಕ್ಕಳ ಕಿತ್ತುಕೊಂಡು ಅದರಿಂದಲೇ ಗಾಳಿ ತಿವಿಯುತ್ತ ಶುರುಮಾಡುತ್ತಾರೆ: "ಕಾಲೇಜಲ್ಲಿ ಕಲಿಸೋದೇ ಒಂದು, ಕಂಪನಿಗೆ ಬೇಕಾಗಿರೋದೇ ಒಂದು. ಸರ್ಕಾರಿ ಕೆಲಸ ಬರತ್ತೆ ಅಂತ ವರ್ಷಗಟ್ಲೆ ಕಾಯ್ತಾರೆ. ಬಂದ್ರೂ ವಶೀಲಿ ಇದ್ದೋನಿಗೇ!" ಪನೀರ್ ಸೀದು ಕರಕಲಾಗುವಾಗ ಅವರಿನ್ನೂ ಎರಡನೇ ಕಾರಣದಲ್ಲಿರುತ್ತಾರೆ. ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ತೊಗರಿಬೇಳೆ ಹುಡುಕುತ್ತಿರುವವರಿಗೂ ಇದೇ ಪಾಠ. ಅಷ್ಟರಲ್ಲಿ ಅವರ ಹೆಂಡತಿ ಸುಭದ್ರಾ ಆಂಟಿ ಸಾಮಾನು ಕೊಂಡು, ಕಾರಿನಲ್ಲಿ ಕೂತು, ಹಾರ್ನ್ ಹೊಡೆಯುತ್ತಿರುತ್ತಾರೆ. ಆದರೆ ಭಾನುವಾರ ಮಧ್ಯಾಹ್ನ ಅಮ್ಮಾನಿನಿಂದ ವಿಡಿಯೊ ಕಾಲ್ ಬಂದರೆ ಅಂಕಲ್ ಮಾತನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಆ ಕಡೆ ಇರುವವಳು ಅವರ ಹಳೆಯ ವಿದ್ಯಾರ್ಥಿನಿ ರಾನಿಯಾ; ಡಿಗ್ರಿ ಮುಗಿಸಿ, ಕೆಲಸವಿಲ್ಲದೆ ಮನೆಯಲ್ಲಿದ್ದಾಳೆ. ಅಂಕಲ್ ಇಂಟರ್‌ವ್ಯೂ ಮಾಡುವ ಮ್ಯಾನೇಜರನಂತೆ ಮುಖ ಗಂಟಿಕ್ಕಿಕೊಂಡು ಪ್ರಶ್ನೆ ಕೇಳುತ್ತಾರೆ, ಅವಳು ಉತ್ತರಿಸುತ್ತಾಳೆ, ಇವರು ತಿದ್ದುತ್ತಾರೆ, ಅವಳು ಮತ್ತೆ ಹೇಳುತ್ತಾಳೆ. ಅವಳನ್ನು ಯಾವ ಕಂಪನಿಯೂ ಇಂಟರ್‌ವ್ಯೂಗೆ ಕರೆಯದ ವಾರಗಳಲ್ಲೂ ಈ ಅಭ್ಯಾಸ ತಪ್ಪಿಲ್ಲ. "ಅವಳಿಗೆ ಮಾತ್ರ ಒಂದು ಕಾರಣಾನೂ ಹೇಳಲ್ವಲ್ಲ, ಅಂಕಲ್?" ಎಂದು ಒಮ್ಮೆ ಕೇಳಿಬಿಟ್ಟೆ. "ಕಾರಣ ಎಲ್ಲ ಕೆಲಸ ಇರೋ ನಮಗೆ ಕಣಮ್ಮ," ಎಂದವರು ಫೋನಿನತ್ತ ತಿರುಗಿ ಮತ್ತೆ ಮುಖ ಗಂಟಿಕ್ಕಿಕೊಂಡರು: "ನೆಕ್ಸ್ಟ್ ಕ್ವೆಶ್ಚನ್, ರಾನಿಯಾ."